ನ್ಯಾಶ್‌ವಿಲ್ ಪ್ರವಾಸ ಮತ್ತು ಹಾಡಿದವರ ಹೆಸರು

ಅಮೆರಿಕದ ಟೆನೆಸ್ಸಿ ರಾಜ್ಯದ ರಾಜಧಾನಿ ನ್ಯಾಶ್‌ವಿಲ್ ಕಂಬರ್ಲೆಂಡ್ ನದಿಯ ದಂಡೆಯ ಮೇಲಿದೆ. 1779ರಲ್ಲಿ ಮರದ ಕೋಟೆಯೊಂದರ ಸುತ್ತ ಹುಟ್ಟಿದ ಈ ಊರು ಇಂದು ಕಂಟ್ರಿ ಸಂಗೀತದ ತವರೆಂದು ಜಗತ್ತಿನಾದ್ಯಂತ ಪ್ರಸಿದ್ಧವಾಗಿದೆ. ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಮನೆಗೆಂದು ಹೋದ ಕನ್ನಡದ ತಂದೆತಾಯಿಗಳು ಮಗ, ಸೊಸೆ, ಮೊಮ್ಮಕ್ಕಳೊಡನೆ ಎರಡು ದಿನಗಳ ಮಟ್ಟಿಗೆ ಕಾರಿನಲ್ಲಿ ಹೋಗಿಬರುವ ಊರುಗಳಲ್ಲಿ ಇದೂ ಒಂದು. ಇಂಥ ಕುಟುಂಬ ನೋಡುವ ಸ್ಥಳಗಳ ಪಟ್ಟಿ ಹೆಚ್ಚುಕಡಿಮೆ ನಿಶ್ಚಿತವಾದದ್ದು. ಮೊದಲು ಬ್ರಾಡ್‌ವೇ ಬೀದಿಯ ಸಂಗೀತದಂಗಡಿಗಳು, ಅಲ್ಲಿಂದ ಕೂಗಳತೆಯಲ್ಲಿರುವ ರೈಮನ್ ಸಭಾಂಗಣ, ಕಂಟ್ರಿ ಸಂಗೀತದ ಕೀರ್ತಿಶಾಲೆ ಮತ್ತು ವಸ್ತುಸಂಗ್ರಹಾಲಯ, ಎಲ್ವಿಸ್ ಪ್ರೆಸ್ಲಿ ಹಾಡಿದ ಧ್ವನಿಮುದ್ರಣ ಕೊಠಡಿ, ಸಂಜೆಗೆ ಗ್ರ್ಯಾಂಡ್ ಓಲ್ ಆಪ್ರಿಯ ಕಾರ್ಯಕ್ರಮ. ಮರುದಿನ ಗ್ರೀಸಿನ ಪಾರ್ಥೆನಾನ್ ದೇವಾಲಯದ ಪ್ರತಿಕೃತಿ. ಅಲ್ಲಿಗೆ ಪ್ರವಾಸ ಮುಗಿಯುತ್ತದೆ.

ಈ ಪಟ್ಟಿಯಲ್ಲಿ ನೋಡಬಾರದ ಸ್ಥಳ ಯಾವುದೂ ಇಲ್ಲ. ಆದರೆ ಸಾಹಿತ್ಯದ ವಿದ್ಯಾರ್ಥಿಗಳು ಯೋಚಿಸಬೇಕಾದ ಒಂದು ಸಂಗತಿ ಇದೆ. ಹಸ್ತಪ್ರತಿಯೊಂದರ ಗರಿಗಳ ಅನುಕ್ರಮ ತಪ್ಪಿದರೆ ಅಕ್ಷರಗಳೆಲ್ಲ ಸರಿಯಾಗಿದ್ದರೂ ಅರ್ಥ ಕೆಡುತ್ತದೆ. ನ್ಯಾಶ್‌ವಿಲ್‌ನ ರೂಢಿಯ ಪ್ರವಾಸವೂ ಗರಿ ತಪ್ಪಿದ ಹಸ್ತಪ್ರತಿಯಂತೆಯೇ ಇದೆ. ಮೊದಲ ಕೆಲವು ಗರಿಗಳು ಅದರಲ್ಲಿ ಇಲ್ಲವೇ ಇಲ್ಲ. ಆ ಗರಿಗಳಲ್ಲಿರುವುದು ಹಾಡಿದವರ ಹೆಸರು. ಅವುಗಳನ್ನು ಮೊದಲು ಓದಿ, ಆಮೇಲೆ ಉಳಿದುದನ್ನು ನೋಡಿದಾಗ ಮಾತ್ರ ಈ ಊರು ನಿಜವಾಗಿ ತೆರೆದುಕೊಳ್ಳುತ್ತದೆ.

ಪ್ರವಾಸಿಗಳು ಮೊದಲು ಕಾಣುವ ರೈಮನ್ ಸಭಾಂಗಣದಿಂದಲೇ ಚರ್ಚೆಯನ್ನು ಆರಂಭಿಸಬಹುದು. ಇಟ್ಟಿಗೆಯ ಗೋಡೆ, ಕಮಾನಿನ ಕಿಟಕಿಗಳು, ಒಳಗೆ ಸಾಲುಸಾಲಾಗಿ ಮರದ ಉದ್ದ ಬೆಂಚುಗಳು. ‘ತಾತ, ಇದು ಚರ್ಚಾ?’ ಎಂದು ಮೊಮ್ಮಗು ಕೇಳಿದರೆ ಆಶ್ಚರ್ಯವಿಲ್ಲ. ಪ್ರಶ್ನೆ ಸರಿಯಾಗಿಯೇ ಇದೆ. ಟಾಮ್ ರೈಮನ್ ಎಂಬ ಹಬೆದೋಣಿಗಳ ಒಡೆಯ 1885ರಲ್ಲಿ ಸ್ಯಾಮ್ ಜೋನ್ಸ್ ಎಂಬ ಧರ್ಮಬೋಧಕನ ಪ್ರವಚನ ಕೇಳಿ ಮನಃಪರಿವರ್ತನೆ ಹೊಂದಿದನು. ಅವನು ಮುಂದೆ ನಿಂತು ಕಟ್ಟಿಸಿದ ಪ್ರಾರ್ಥನಾಮಂದಿರ 1892ರಲ್ಲಿ ತೆರೆಯಿತು. 1904ರಲ್ಲಿ ಅವನು ತೀರಿಕೊಂಡ ಬಳಿಕ ಕಟ್ಟಡಕ್ಕೆ ಅವನ ಹೆಸರು ಬಂತು. ಇದರ ಮೇಲಂತಸ್ತಿನ ಗ್ಯಾಲರಿ 1897ರಲ್ಲಿ, ಅಂತರ್ಯುದ್ಧದಲ್ಲಿ ದಕ್ಷಿಣದ ಪರವಾಗಿ ಹೋರಾಡಿದ ಸೈನಿಕರ ಸಮ್ಮೇಳನಕ್ಕಾಗಿ ಕಟ್ಟಿದ್ದು. ಪಾರ್ಥೆನಾನ್ ಪ್ರತಿಕೃತಿ ಮೊದಲು ಎದ್ದು ನಿಂತದ್ದೂ ಅದೇ 1897ರಲ್ಲಿ, ರಾಜ್ಯದ ಶತಮಾನೋತ್ಸವದ ವಸ್ತುಪ್ರದರ್ಶನಕ್ಕಾಗಿ. ಸಂಗೀತದ ಊರೆಂಬ ಬಿರುದಿಗಿಂತ ಮೊದಲು ನ್ಯಾಶ್‌ವಿಲ್ ‘ದಕ್ಷಿಣದ ಅಥೆನ್ಸ್’ ಎನಿಸಿಕೊಳ್ಳಲು ಬಯಸಿತ್ತು. ಹಳ್ಳಿಗರ ಪಿಟೀಲು ಬ್ಯಾಂಜೊಗಳು ಆ ಬಿರುದಿಗೆ ಶೋಭೆ ತರುವ ವಸ್ತುಗಳಾಗಿರಲಿಲ್ಲ.

ಆ ಹಳ್ಳಿಯ ಸಂಗೀತವನ್ನು ಊರಿಗೆ ತಂದದ್ದು ರೇಡಿಯೋ. ಜೀವವಿಮಾ ಕಂಪನಿಯೊಂದು 1925ರ ಅಕ್ಟೋಬರಿನಲ್ಲಿ ಡಬ್ಲ್ಯುಎಸ್‌ಎಂ ಎಂಬ ನಿಲಯವನ್ನು ಆರಂಭಿಸಿತು. ಆ ಮೂರು ಅಕ್ಷರಗಳು ‘ಲಕ್ಷಾಂತರ ಜನರಿಗೆ ನಾವೇ ಗುರಾಣಿ’ ಎಂಬರ್ಥದ ವಿಮಾ ಘೋಷಣೆಯ ಮೊದಲಕ್ಷರಗಳು. ಅದೇ ವರ್ಷ ನವೆಂಬರ್ 28ರಂದು ಜಾರ್ಜ್ ಹೇ ಎಂಬ ಉದ್ಘೋಷಕ, 77 ವರ್ಷದ ಅಂಕಲ್ ಜಿಮ್ಮಿ ಥಾಂಪ್ಸನ್ ಎಂಬ ಪಿಟೀಲುಗಾರನನ್ನು ಧ್ವನಿವರ್ಧಕದ ಮುಂದೆ ಕೂರಿಸಿದನು. ಆ ಶನಿವಾರದ ಕಾರ್ಯಕ್ರಮವೇ ಮುಂದೆ ಗ್ರ್ಯಾಂಡ್ ಓಲ್ ಆಪ್ರಿ ಆಯಿತು. 1943ರಿಂದ 1974ರವರೆಗೆ ಅದು ರೈಮನ್ ಸಭಾಂಗಣದಲ್ಲಿ ನಡೆಯಿತು. ಬಳಿಕ ಊರ ಹೊರಗಿನ ಹೊಸ ರಂಗಮಂದಿರಕ್ಕೆ ಹೋಗುವಾಗ ಹಳೆಯ ವೇದಿಕೆಯಿಂದ ಆರು ಅಡಿ ವ್ಯಾಸದ ಓಕ್ ಮರದ ವೃತ್ತವೊಂದನ್ನು ಕತ್ತರಿಸಿ ಹೊಸ ವೇದಿಕೆಯ ನಡುವೆ ಕೂರಿಸಲಾಯಿತು. 2010ರ ಮೇ ತಿಂಗಳಲ್ಲಿ ಕಂಬರ್ಲೆಂಡ್ ಉಕ್ಕಿ ರಂಗಮಂದಿರಕ್ಕೆ ನುಗ್ಗಿದಾಗ ಆ ಮರದ ತುಂಡು ನೀರಿನಲ್ಲಿ ಮುಳುಗಿತು. ಅದನ್ನು ಒಣಗಿಸಿ, ಸರಿಪಡಿಸಿ, ಮತ್ತೆ ಅಲ್ಲಿಯೇ ಇಟ್ಟರು. ಒಂದು ಪರಂಪರೆ ತನ್ನ ನೆಲದ ತುಂಡನ್ನು ಇಷ್ಟು ಶ್ರದ್ಧೆಯಿಂದ ಕಾಯ್ದುಕೊಳ್ಳುವುದು ಮೆಚ್ಚತಕ್ಕ ಸಂಗತಿ. ಆ ನೆಲದ ಮೇಲೆ ನಿಂತು ಹಾಡಿದವರನ್ನೂ ಅದೇ ಶ್ರದ್ಧೆಯಿಂದ ಕಾಯ್ದುಕೊಂಡಿತೇ ಎಂಬುದು ಅದರ ಮುಂದಿನ ಪ್ರಶ್ನೆ.

ಆಪ್ರಿ ಎಂಬ ಹೆಸರು ಹುಟ್ಟಿದ ಸಂದರ್ಭದಲ್ಲಿಯೇ ಈ ಪ್ರಶ್ನೆಗೆ ಉತ್ತರವಿದೆ. ಇದು ‘ಆಪೆರಾ’ ಎಂಬ ಪದದ ತದ್ಭವ. 1927ರ ಡಿಸೆಂಬರಿನ ಒಂದು ಶನಿವಾರ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ರಾಷ್ಟ್ರೀಯ ಪ್ರಸಾರ ಮುಗಿದ ಬೆನ್ನಿಗೇ ತನ್ನ ಕಾರ್ಯಕ್ರಮವನ್ನು ಆರಂಭಿಸಿದ ಜಾರ್ಜ್ ಹೇ, ಇದುವರೆಗೆ ಕೇಳಿದ್ದು ಆಪೆರಾ, ಇನ್ನು ಮುಂದೆ ಕೇಳುವುದು ಆಪ್ರಿ ಎಂಬ ಅರ್ಥದಲ್ಲಿ ವಿನೋದವಾಡಿದನು. ಮಾರ್ಗಕ್ಕೆ ಎದುರಾಗಿ ದೇಸಿಯನ್ನು ನಿಲ್ಲಿಸಿದ ಮಾತದು. ಆ ರಾತ್ರಿ ದೇಸಿಯ ಪ್ರತಿನಿಧಿಯಾಗಿ ನುಡಿಸಿದವನು ಡಿಫೋರ್ಡ್ ಬೇಲಿ ಎಂಬ ಮೌತ್ ಆರ್ಗನ್ ವಾದಕ. ನುಡಿಸಿದ್ದು ಪ್ಯಾನ್ ಅಮೆರಿಕನ್ ಎಂಬ ರೈಲುಗಾಡಿಯ ಓಟವನ್ನು ಉಸಿರಿನಲ್ಲಿಯೇ ಕಟ್ಟಿಕೊಡುವ ಕೃತಿ. ಬೇಲಿ 1899ರಲ್ಲಿ ಟೆನೆಸ್ಸಿಯಲ್ಲಿಯೇ ಹುಟ್ಟಿದವನು, ಬಾಲ್ಯದಲ್ಲಿ ಪೋಲಿಯೋ ತಗುಲಿ ದೇಹ ಕುಗ್ಗಿತ್ತು, ಗುಲಾಮರಾಗಿದ್ದವರ ವಂಶದವನು. ಕಂಟ್ರಿ ಸಂಗೀತದ ಅತಿ ದೊಡ್ಡ ಸಂಸ್ಥೆಗೆ ಹೆಸರು ಬಂದ ಗಳಿಗೆಯಲ್ಲಿ ಧ್ವನಿವರ್ಧಕದ ಮುಂದಿದ್ದವನು ಒಬ್ಬ ಕಪ್ಪು ಕಲಾವಿದ. 1928ರಲ್ಲಿ ಆಪ್ರಿಯಲ್ಲಿ ಎಲ್ಲರಿಗಿಂತ ಹೆಚ್ಚು ಬಾರಿ ನುಡಿಸಿದವನೂ ಅವನೇ. ನ್ಯಾಶ್‌ವಿಲ್‌ನಲ್ಲಿ ವಿಕ್ಟರ್ ಕಂಪನಿ ಅದೇ ವರ್ಷ ನಡೆಸಿದ ಧ್ವನಿಮುದ್ರಣಗಳಲ್ಲಿ, ಅಂದರೆ ಈ ಊರಿನ ಅತ್ಯಂತ ಹಳೆಯ ಮುದ್ರಣಗಳಲ್ಲಿ, ಅವನ ವಾದನವೂ ಸೇರಿದೆ.

ರೇಡಿಯೋದಲ್ಲಿ ಮೈಬಣ್ಣ ಕಾಣುವುದಿಲ್ಲ. ಆದರೆ ತಂಡದೊಡನೆ ಊರೂರಿಗೆ ಹೋದಾಗ ಉಳಿದವರು ಇಳಿದುಕೊಂಡ ಹೋಟೆಲುಗಳಲ್ಲಿ ಬೇಲಿಗೆ ಜಾಗವಿರಲಿಲ್ಲ. ಉಳಿದವರು ಉಂಡಲ್ಲಿ ಅವನು ಕೂತು ಉಣ್ಣುವಂತಿರಲಿಲ್ಲ. 1941ರಲ್ಲಿ ಅವನನ್ನು ಕೆಲಸದಿಂದ ತೆಗೆದುಹಾಕಲಾಯಿತು. ಹಾಡುಗಳ ಹಕ್ಕುಸ್ವಾಮ್ಯದ ಶುಲ್ಕದ ಬಗ್ಗೆ ರೇಡಿಯೋ ನಿಲಯಗಳಿಗೂ ಹಕ್ಕುದಾರರ ಸಂಘಕ್ಕೂ ಆಗ ಜಗಳ ನಡೆದಿತ್ತು. ಅವನ ಜನಪ್ರಿಯ ಧಾಟಿಗಳನ್ನು ನುಡಿಸುವಂತಿರಲಿಲ್ಲ. ನಾಲ್ಕು ವರ್ಷಗಳ ಬಳಿಕ ಜಾರ್ಜ್ ಹೇ ಬರೆದ ಆಪ್ರಿಯ ಚರಿತ್ರೆಯಲ್ಲಿ ಮಾತ್ರ ಬೇಲಿ ಹೊಸದನ್ನು ಕಲಿಯಲೊಲ್ಲದ ಸೋಮಾರಿಯಾಗಿಯೂ ತಂಡದ ಶುಭಶಕುನದ ಗೊಂಬೆಯಾಗಿಯೂ ಕಾಣಿಸಿಕೊಂಡನು. ಹೆಸರು ಕೊಟ್ಟವನೇ ಚರಿತ್ರೆಯನ್ನೂ ಬರೆದರೆ ಹೀಗಾಗುತ್ತದೆ. ಬೇಲಿ ನ್ಯಾಶ್‌ವಿಲ್‌ನಲ್ಲಿಯೇ ಬೂಟುಪಾಲಿಶ್ ಅಂಗಡಿ ನಡೆಸಿ ಜೀವನ ಸಾಗಿಸಿ 1982ರಲ್ಲಿ ತೀರಿಕೊಂಡನು. 1961ರಲ್ಲಿ ಆರಂಭವಾದ ಕೀರ್ತಿಶಾಲೆ ಅವನ ಹೆಸರನ್ನು ಸೇರಿಸಿದ್ದು 2005ರಲ್ಲಿ.

ಡಿಫೋರ್ಡ್ ಬೇಲಿಯ ಕಥೆ ಒಬ್ಬ ವ್ಯಕ್ತಿಗೆ ಆದ ಅನ್ಯಾಯ ಮಾತ್ರವಾಗಿದ್ದರೆ ಅದು ಸಂಗೀತಚರಿತ್ರೆಯ ಅಡಿಟಿಪ್ಪಣಿಯಾಗಬಹುದಿತ್ತು. ಆದರೆ ಹಾಡು ಹೇಗೆ ‘ಕೃತಿ’ಯಾಗುತ್ತದೆ, ಕೃತಿಗೆ ಹೇಗೆ ‘ಕರ್ತೃ’ ಹುಟ್ಟುತ್ತಾನೆ ಎಂಬ ದೊಡ್ಡ ಪ್ರಶ್ನೆಯ ಒಂದು ಭಾಗ ಅದು. 1920ರ ದಶಕದಲ್ಲಿ ಗ್ರಾಮಫೋನ್ ಕಂಪನಿಗಳು ದಕ್ಷಿಣದ ಹಳ್ಳಿಗರ ಹಾಡುಗಳನ್ನು ಮುದ್ರಿಸತೊಡಗಿದಾಗ ಒಂದೇ ಸೀಮೆಯ, ಒಂದೇ ಬಗೆಯ ಹಾಡುಗಳನ್ನು ಎರಡು ಪಟ್ಟಿಗಳಾಗಿ ಒಡೆದವು. ಕಪ್ಪು ಜನರಿಗೆ ಮಾರುವ ತಟ್ಟೆಗಳಿಗೆ ‘ರೇಸ್’ ಎಂದೂ ಬಿಳಿಯ ಹಳ್ಳಿಗರಿಗೆ ಮಾರುವ ತಟ್ಟೆಗಳಿಗೆ ‘ಹಿಲ್‌ಬಿಲಿ’ ಎಂದೂ ಹೆಸರಿಟ್ಟವು. ಎರಡನೆಯದು ಗುಡ್ಡಗಾಡಿನ ಗಮಾರನೆಂಬ ಅರ್ಥದ ಬೈಗುಳವೇ ಆಗಿದ್ದಿತು. ಬಡ ಬಿಳಿಯರಿಗೂ ಅಲ್ಲಿ ಮರ್ಯಾದೆಯಿರಲಿಲ್ಲ ಎಂಬುದನ್ನು ಮರೆಯಬಾರದು. ಆದರೂ ಮಾರಾಟದ ಅನುಕೂಲಕ್ಕಾಗಿ ಹುಟ್ಟಿದ ಈ ವಿಂಗಡಣೆ ಕಾಲಕ್ರಮದಲ್ಲಿ ಸಂಗೀತದ ಪ್ರಕೃತಿಸಿದ್ಧ ವಿಂಗಡಣೆಯೆಂಬಂತೆ ಗ್ರಹಿಸಲ್ಪಟ್ಟಿತು. ಕಂಟ್ರಿ ಸಂಗೀತದ ಗುರುತಿನ ವಾದ್ಯವಾದ ಬ್ಯಾಂಜೊ ಪಶ್ಚಿಮ ಆಫ್ರಿಕದ ಸೋರೆಬುರುಡೆಯ ತಂತಿವಾದ್ಯಗಳಿಂದ ಬಂದದ್ದು, ಗುಲಾಮರು ಅಮೆರಿಕದಲ್ಲಿ ಕಟ್ಟಿಕೊಂಡದ್ದು ಎಂಬ ಸತ್ಯವೇ ಆ ವಿಂಗಡಣೆಯಲ್ಲಿ ಮರೆಯಾಯಿತು.

1927ರ ಬೇಸಿಗೆಯಲ್ಲಿ ಟೆನೆಸ್ಸಿ ಮತ್ತು ವರ್ಜೀನಿಯಾ ಗಡಿಯ ಬ್ರಿಸ್ಟಲ್ ಊರಿನಲ್ಲಿ ವಿಕ್ಟರ್ ಕಂಪನಿಯ ಪರವಾಗಿ ರಾಲ್ಫ್ ಪಿಯರ್ ನಡೆಸಿದ ಧ್ವನಿಮುದ್ರಣಗಳು ಕಂಟ್ರಿ ಸಂಗೀತದ ಆದಿಪರ್ವವೆಂದು ಕೀರ್ತಿತವಾಗಿವೆ. ಜಿಮ್ಮಿ ರಾಡ್ಜರ್ಸ್ ಮತ್ತು ಕಾರ್ಟರ್ ಕುಟುಂಬ ಅಲ್ಲಿಯೇ ಬೆಳಕಿಗೆ ಬಂದರು. ಪಿಯರ್‌ಗೆ ಮುಖ್ಯವಾಗಿ ಹಣ ಬರುತ್ತಿದ್ದದ್ದು ಹಾಡುಗಳ ಹಕ್ಕುಸ್ವಾಮ್ಯದಿಂದ. ಆದುದರಿಂದ ಹೊಸದಾಗಿ ನೋಂದಾಯಿಸಬಹುದಾದ ಹಾಡುಗಳೇ ಅವನಿಗೆ ಬೇಕಾಗಿದ್ದವು. ಹಳೆಯ ಹಾಡನ್ನು ಅಷ್ಟಿಷ್ಟು ತಿದ್ದಿ ತಂದರೂ ಸಾಕಾಗಿತ್ತು. ಎ. ಪಿ. ಕಾರ್ಟರ್ ಬೆಟ್ಟದ ಹಳ್ಳಿಗಳನ್ನು ಅಲೆದು ಹಾಡುಗಳನ್ನು ಕಲೆಹಾಕಿದನು. ಅವುಗಳಲ್ಲಿ ಅನೇಕವು ಅವನದೇ ಹೆಸರಿನಲ್ಲಿ ನೋಂದಣಿಯಾದವು. ಅವನ ತಿರುಗಾಟದ ಸಂಗಾತಿ ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕ. ಸಿಮೆಂಟ್ ಕಾರ್ಖಾನೆಯ ಅಪಘಾತದಲ್ಲಿ ಒಂದು ಕಾಲನ್ನು ಕಳೆದುಕೊಂಡಿದ್ದ ರಿಡಲ್, ಕೇಳಿದ ಧಾಟಿಯನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದರಲ್ಲಿ ನಿಸ್ಸೀಮನಾಗಿದ್ದನು. ಕಾರ್ಟರ್ ಪದಗಳನ್ನು ಬರೆದುಕೊಳ್ಳುತ್ತಿದ್ದನು, ರಿಡಲ್ ಧಾಟಿಯನ್ನು ನೆನಪಿಟ್ಟುಕೊಳ್ಳುತ್ತಿದ್ದನು. ಬರಹಕ್ಕೆ ಕರ್ತೃತ್ವ ದೊರೆಯಿತು, ನೆನಪಿಗೆ ದೊರೆಯಲಿಲ್ಲ. ಮೌಖಿಕ ಪರಂಪರೆಯನ್ನು ಅಧ್ಯಯನ ಮಾಡುವ ಯಾರಿಗಾದರೂ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇಲ್ಲಿಂದ ನ್ಯಾಶ್‌ವಿಲ್‌ಗೆ ಮರಳಿದರೆ ಸಾಹಿತ್ಯದ ವಿದ್ಯಾರ್ಥಿಗೆ ಮತ್ತೊಂದು ಅಚ್ಚರಿ ಕಾದಿದೆ. ಆಪ್ರಿ ಹುಟ್ಟಿದ ದಿನಗಳಲ್ಲಿಯೇ ಅದೇ ಊರಿನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸುತ್ತ ಕವಿಗಳ ಒಂದು ಗೋಷ್ಠಿ ಸೇರುತ್ತಿತ್ತು. ಜಾನ್ ಕ್ರೋ ರ‍್ಯಾನ್ಸಮ್, ಅಲೆನ್ ಟೇಟ್, ಡೊನಾಲ್ಡ್ ಡೇವಿಡ್‌ಸನ್, ರಾಬರ್ಟ್ ಪೆನ್ ವಾರೆನ್ ಮೊದಲಾದವರ ಈ ಗೋಷ್ಠಿ 1922ರಿಂದ 1925ರವರೆಗೆ ‘ದ ಫ್ಯುಜಿಟಿವ್’ ಎಂಬ ಪತ್ರಿಕೆಯನ್ನು ನಡೆಸಿತು. ಕ್ಲೀಂತ್ ಬ್ರೂಕ್ಸ್ ಓದಿದ್ದೂ ಇಲ್ಲಿಯೇ. ವಾರೆನ್ ಮತ್ತು ಬ್ರೂಕ್ಸ್ ಸೇರಿ 1938ರಲ್ಲಿ ಹೊರತಂದ ಕಾವ್ಯಪಾಠದ ಪುಸ್ತಕ, 1941ರ ರ‍್ಯಾನ್ಸಮ್‌ರ ‘ದ ನ್ಯೂ ಕ್ರಿಟಿಸಿಸಂ’, ಇವು ಒಂದು ವಿಮರ್ಶಾಪಂಥಕ್ಕೆ ಕ್ರಮವನ್ನೂ ಹೆಸರನ್ನೂ ಕೊಟ್ಟವು. ಕವಿಯ ಜೀವನ, ಕಾಲ, ಉದ್ದೇಶಗಳನ್ನು ಬದಿಗಿಟ್ಟು ಕೃತಿಯನ್ನೇ ನಿಕಟವಾಗಿ ಓದಬೇಕೆಂಬುದು ಅದರ ನಿಲುವು. ನವ್ಯದ ಕಾಲದಲ್ಲಿ ಕನ್ನಡಕ್ಕೂ ಬಂದು, ಕೃತಿನಿಷ್ಠ ವಿಮರ್ಶೆಯೆಂಬ ಹೆಸರಿನಲ್ಲಿ ತರಗತಿಗಳಲ್ಲಿ ನೆಲೆಯೂರಿದ ಓದಿನ ಕ್ರಮಕ್ಕೆ ಇಂಗ್ಲೆಂಡಿನ ವಿಮರ್ಶಕರೊಡನೆ ಈ ಊರಿನ ಕವಿಗಳೂ ಕಾರಣರು. ಹೀಗೆ ಕಂಟ್ರಿ ಸಂಗೀತವನ್ನು ಎಂದೂ ಕೇಳದ ಕನ್ನಡ ಸಾಹಿತ್ಯದ ವಿದ್ಯಾರ್ಥಿಗೂ ನ್ಯಾಶ್‌ವಿಲ್ ಅಪರಿಚಿತ ಊರಲ್ಲ. ಎರಡು ದಿನಗಳ ಪ್ರವಾಸದಲ್ಲಿ ಈ ಸಂಗತಿಯನ್ನು ಹೇಳುವವರು ಮಾತ್ರ ಯಾರೂ ಇರುವುದಿಲ್ಲ.

ಒಂದೇ ಊರು, ಒಂದೇ ದಶಕ. ಒಂದು ಕಡೆ ರೇಡಿಯೋ ಮತ್ತು ಗ್ರಾಮಫೋನ್ ಹಾಡನ್ನು ಹಾಡಿದವರಿಂದ ಬಿಡಿಸಿ ಸರಕನ್ನಾಗಿ ಮಾಡಿದವು. ಇನ್ನೊಂದು ಕಡೆ ವಿಮರ್ಶೆ ಕೃತಿಯನ್ನು ಕರ್ತೃವಿನಿಂದ ಬಿಡಿಸಿ ಸ್ವಯಂಪೂರ್ಣ ವಸ್ತುವನ್ನಾಗಿ ಮಾಡಿತು. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಲಾಗದು. ಆದರೆ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ವಿವೇಕ ಮೂಡುತ್ತದೆ. ಹೆಸರು ದಾಖಲಾದ ಕವಿಯ ವಿಷಯದಲ್ಲಿ, ಕವಿಯನ್ನು ಮರೆತು ಕಾವ್ಯವನ್ನು ಓದಿರಿ ಎಂಬ ಮಾತು ಓದುಗನಿಗೆ ಬಿಡುಗಡೆ ಕೊಡುತ್ತದೆ. ಹೆಸರೇ ದಾಖಲಾಗದವನ ವಿಷಯದಲ್ಲಿ ಆ ಮಾತು ಹಳೆಯ ಅನ್ಯಾಯಕ್ಕೆ ಹೊಸ ಸಮರ್ಥನೆಯಾಗುತ್ತದೆ. ಮರೆಯಬೇಕಾದರೂ ಮೊದಲು ತಿಳಿದಿರಬೇಕು.

ಈ ಗೋಷ್ಠಿಯವರಿಗೆ ಹಳ್ಳಿಯ ಹಾಡುಗಳ ಬಗ್ಗೆ ತಾತ್ಸಾರವಿತ್ತೆಂದು ಭಾವಿಸಬಾರದು. ಡೇವಿಡ್‌ಸನ್ ಲಾವಣಿಗಳನ್ನು ಪ್ರೀತಿಸಿದವರು. ಹಿಲ್‌ಬಿಲಿ ಸಂಗೀತವನ್ನು ವಸ್ತುವಾಗಿಸಿ ಅವರು ಬರೆದ ಕಾದಂಬರಿ ಅವರ ಮರಣಾನಂತರ 1996ರಲ್ಲಿ ಪ್ರಕಟವಾಯಿತು. ಆದರೆ ಅವರು ಪ್ರೀತಿಸಿದ ದಕ್ಷಿಣದ ಪರಂಪರೆಯಲ್ಲಿ ಕಪ್ಪು ಜನರಿಗೆ ಸಮಾನ ಸ್ಥಾನವಿರಲಿಲ್ಲ. ಈ ಬಳಗದ ಹಲವರು ಸೇರಿ 1930ರಲ್ಲಿ ಪ್ರಕಟಿಸಿದ ‘ಐ’ಲ್ ಟೇಕ್ ಮೈ ಸ್ಟ್ಯಾಂಡ್’ ಎಂಬ ಪ್ರಬಂಧಸಂಕಲನ ಕೃಷಿಮೂಲದ ಬದುಕನ್ನು ಯಂತ್ರನಾಗರಿಕತೆಯ ಎದುರು ಎತ್ತಿಹಿಡಿಯಿತು. ಅದೇ ಸಂಕಲನದಲ್ಲಿ ವಾರೆನ್ ಬರೆದ ಪ್ರಬಂಧ ಜನಾಂಗಗಳ ಪ್ರತ್ಯೇಕತೆಯನ್ನು ಒಪ್ಪಿಕೊಂಡಿತ್ತು. 1932ರಲ್ಲಿ ಕಪ್ಪು ಲೇಖಕರಾದ ಜೇಮ್ಸ್ ವೆಲ್ಡನ್ ಜಾನ್ಸನ್ ಮತ್ತು ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ಗೌರವಾರ್ಥ ಊರಿನಲ್ಲಿ ಏರ್ಪಡಿಸಬೇಕೆಂದಿದ್ದ ಕೂಟಕ್ಕೆ ಕರೆದಾಗ ಟೇಟ್ ಬರಲೊಪ್ಪಲಿಲ್ಲ. ಹಾಗೆಂದು ಎಲ್ಲರೂ ನಿಂತಲ್ಲಿಯೇ ನಿಲ್ಲಲಿಲ್ಲ. ವಾರೆನ್ ತಮ್ಮ ಹಳೆಯ ನಿಲುವನ್ನು ತೊರೆದು, 1965ರಲ್ಲಿ ಕಪ್ಪು ಜನರ ಹೋರಾಟದ ನಾಯಕರನ್ನು ಖುದ್ದಾಗಿ ಸಂದರ್ಶಿಸಿ ಅವರವರ ಮಾತುಗಳನ್ನು ಅವರವರ ಹೆಸರಿನಲ್ಲಿಯೇ ಪ್ರಕಟಿಸಿದರು. ಕೃತಿಯೊಂದೇ ಸಾಕೆಂದು ಕಲಿಸಿದ ಪಂಥದವರೊಬ್ಬರು ಕೊನೆಗೆ ಮಾತಾಡಿದವರ ಹೆಸರಿಗೆ ಮರಳಿದರೆಂಬುದು ಗಮನಾರ್ಹ.

ಪ್ರವಾಸದ ಪಟ್ಟಿಯಲ್ಲಿ ಕಳೆದುಹೋದ ಮೊದಲ ಗರಿ ಯಾವುದೆಂದು ಈಗ ಹೇಳಬಹುದು. ಊರ ನಡುವಿನಿಂದ ಕೆಲವೇ ಕಿಲೋಮೀಟರು ದೂರದಲ್ಲಿ ಫಿಸ್ಕ್ ವಿಶ್ವವಿದ್ಯಾಲಯವಿದೆ. ಅಂತರ್ಯುದ್ಧ ಮುಗಿದ ಮರುವರ್ಷವೇ, 1866ರಲ್ಲಿ, ಬಿಡುಗಡೆ ಹೊಂದಿದ ಗುಲಾಮರಿಗೆ ಅಕ್ಷರ ಕಲಿಸಲು ಆರಂಭವಾದ ಶಾಲೆಯದು. ಹಣವಿಲ್ಲದೆ ಮುಚ್ಚುವ ಸ್ಥಿತಿ ಬಂದಾಗ ಶಾಲೆಯ ಖಜಾಂಚಿ ಜಾರ್ಜ್ ವೈಟ್ 1871ರ ಅಕ್ಟೋಬರ್ 6ರಂದು ಒಂಬತ್ತು ಮಂದಿ ವಿದ್ಯಾರ್ಥಿಗಳ ಗಾಯನತಂಡವನ್ನು ಕಟ್ಟಿಕೊಂಡು ಹೊರಟರು. ಅವರಲ್ಲಿ ಹೆಚ್ಚಿನವರು ಗುಲಾಮರಾಗಿಯೇ ಹುಟ್ಟಿದವರು. ಮೊದಮೊದಲು ಅವರು ಸಭೆಗಳಲ್ಲಿ ಹಾಡಿದ್ದು ಅಂದಿನ ಜನಪ್ರಿಯ ಗೀತೆಗಳನ್ನು. ಗುಲಾಮಗಿರಿಯ ಕಾಲದ ಪ್ರಾರ್ಥನಾಗೀತಗಳು ತಂದೆತಾಯಿಗಳ ಪಾಲಿಗೆ ಪವಿತ್ರವಾಗಿದ್ದುದರಿಂದ ಅವನ್ನು ಪರರ ಮುಂದೆ ಹಾಡಲು ತಾವು ಹಿಂಜರಿದೆವೆಂದು ತಂಡದ ಪಿಯಾನೋ ವಾದಕಿ ಎಲ್ಲಾ ಶೆಪರ್ಡ್ ಬರೆದಿದ್ದಾರೆ. ಜುಬಿಲಿ ಗಾಯಕರೆಂದು ಹೆಸರಾದ ಈ ತಂಡ ಆ ಹಾಡುಗಳಿಂದಲೇ ಖ್ಯಾತಿ ಪಡೆಯಿತು. 1873ರಲ್ಲಿ ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿಯೂ ಹಾಡಿತು. ಅವರು ಗಳಿಸಿ ತಂದ ಹಣದಿಂದ 1876ರಲ್ಲಿ ಜುಬಿಲಿ ಹಾಲ್ ಎಂಬ ಭವ್ಯ ಕಟ್ಟಡ ನಿಂತಿತು. ಅಲ್ಲಿ ತಂಡದ ದೊಡ್ಡದೊಂದು ಚಿತ್ರಪಟವಿದೆ. ಹಾಡಿದವರ ಮುಖ, ಹಾಡಿದವರ ಹೆಸರು, ಹಾಡಿನಿಂದ ಬಂದ ಫಲ, ಮೂರೂ ಒಂದೇ ಸೂರಿನಡಿ ಉಳಿದುಬಂದ ಸ್ಥಳ ಇದು.

‘ಸಂಗೀತ ನಗರಿ’ ಎಂಬ ಬಿರುದಿನ ಮೂಲದ ಬಗ್ಗೆಯೂ ಎರಡು ಕಥೆಗಳಿವೆ. ಜುಬಿಲಿ ಗಾಯಕರ ಹಾಡನ್ನು ಕೇಳಿದ ವಿಕ್ಟೋರಿಯಾ ರಾಣಿ, ಇವರು ಸಂಗೀತದ ಊರಿನಿಂದಲೇ ಬಂದಿರಬೇಕೆಂದಳಂತೆ ಎಂಬುದು ಒಂದು. 1950ರಲ್ಲಿ ಡೇವಿಡ್ ಕಾಬ್ ಎಂಬ ಡಬ್ಲ್ಯುಎಸ್‌ಎಂ ಉದ್ಘೋಷಕ ಪ್ರಸಾರದ ನಡುವೆ ಆ ಮಾತನ್ನು ಬಳಸಿದನೆಂಬುದು ಇನ್ನೊಂದು. ಮೊದಲನೆಯದು ಐತಿಹ್ಯ, ಎರಡನೆಯದಕ್ಕೆ ಹೆಚ್ಚಿನ ಆಧಾರವಿದೆ ಎಂದು ಪಠ್ಯಶೋಧಕನು ತೀರ್ಪು ಕೊಡಬಹುದು. ಆದರೆ ಐತಿಹ್ಯವನ್ನು ತಳ್ಳಿಹಾಕುವ ಮೊದಲು ಅದು ಏಕೆ ಹುಟ್ಟಿತೆಂದು ಕೇಳುವುದೂ ಶೋಧಕನ ಕೆಲಸ. ರೇಡಿಯೋ ಬರುವುದಕ್ಕೆ ಅರ್ಧ ಶತಮಾನ ಮೊದಲೇ ಈ ಊರಿನ ಹಾಡನ್ನು ಸಮುದ್ರದಾಚೆಗೆ ಒಯ್ದವರು ಯಾರೆಂಬುದನ್ನು ಆ ಐತಿಹ್ಯ ನೆನಪಿಟ್ಟುಕೊಂಡಿದೆ. ಘಟನೆ ನಡೆದಿರಲಿಕ್ಕಿಲ್ಲ; ಅದರೊಳಗಿನ ಅರ್ಥ ಮಾತ್ರ ಸುಳ್ಳಲ್ಲ.

ಫಿಸ್ಕ್‌ನ ಇನ್ನೊಂದು ಪ್ರಸಂಗ ಹಸ್ತಪ್ರತಿಗಳ ಅಧ್ಯಯನದಲ್ಲಿ ತೊಡಗಿದವರನ್ನು ವಿಶೇಷವಾಗಿ ಕಾಡಬೇಕು. ಅಲ್ಲಿನ ಪ್ರಾಧ್ಯಾಪಕ ಜಾನ್ ವರ್ಕ್ ಕಪ್ಪು ಜನರ ಹಾಡುಗಳ ಹಿರಿಯ ಸಂಗ್ರಾಹಕರು. 1941–42ರಲ್ಲಿ ಫಿಸ್ಕ್ ಮತ್ತು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಜಂಟಿಯಾಗಿ ಮಿಸಿಸಿಪ್ಪಿಯ ಕೊಹೊಮಾ ಎಂಬ ಜಿಲ್ಲೆಯಲ್ಲಿ ಕ್ಷೇತ್ರಕಾರ್ಯ ನಡೆಸಿದವು. ಮುಂದೆ ಜಗತ್ಪ್ರಸಿದ್ಧರಾದ ಮಡ್ಡಿ ವಾಟರ್ಸ್ ಅವರ ಹಾಡು ಮೊದಲ ಬಾರಿಗೆ ಮುದ್ರಣವಾದದ್ದು ಆ ಸಂದರ್ಭದಲ್ಲಿ. ಮುದ್ರಿಸಿದವರು ಅಲನ್ ಲೋಮ್ಯಾಕ್ಸ್ ಮತ್ತು ಜಾನ್ ವರ್ಕ್. ಕೀರ್ತಿ ಬಹುಪಾಲು ಲೋಮ್ಯಾಕ್ಸ್‌ಗೆ ಸಂದಿತು. 1993ರಲ್ಲಿ ಅವರು ಪ್ರಕಟಿಸಿದ ಪುಸ್ತಕದಲ್ಲಿ ವರ್ಕ್ ಅವರ ಪಾತ್ರಕ್ಕೆ ಸಿಕ್ಕ ಜಾಗ ಅತ್ಯಲ್ಪ. ವರ್ಕ್ ಮತ್ತು ಅವರ ಫಿಸ್ಕ್ ಸಹೋದ್ಯೋಗಿಗಳ ಬರಹಗಳು ದಶಕಗಳ ಕಾಲ ಅಪ್ರಕಟಿತವಾಗಿ, ಕಳೆದುಹೋದವೆಂದೇ ಭಾವಿಸಲ್ಪಟ್ಟಿದ್ದವು. ಅವು ದೊರೆತು 2005ರಲ್ಲಿ ‘ಲಾಸ್ಟ್ ಡೆಲ್ಟಾ ಫೌಂಡ್’ ಎಂಬ ಹೆಸರಿನಲ್ಲಿ ಅಚ್ಚಾದವು. ಪ್ರಕಟಿಸಿದ್ದು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಮುದ್ರಣಾಲಯ. ಕೀರ್ತಿಶಾಲೆ ಡಿಫೋರ್ಡ್ ಬೇಲಿಯನ್ನು ಸೇರಿಸಿಕೊಂಡದ್ದೂ ಅದೇ 2005ರಲ್ಲಿ. ಹಾಡಿದವನ ಹೆಸರು ಮಾತ್ರವಲ್ಲ, ಹಾಡನ್ನು ಸಂಗ್ರಹಿಸಿದವನ ಹೆಸರೂ ಅಳಿಯಬಲ್ಲದು. ಅಳಿದದ್ದನ್ನು ಮರಳಿ ಓದಲು ಒಂದು ಆಯುಷ್ಯವೇ ಸರಿದುಹೋಗಬಲ್ಲದು.

ಫಿಸ್ಕ್‌ನ ಬಳಿಯೇ ಹಾದುಹೋಗುವ ಜೆಫರ್ಸನ್ ಬೀದಿ ಶತಮಾನದ ನಡುಭಾಗದಲ್ಲಿ ಕಪ್ಪು ಜನರ ಸಂಗೀತದ ಬೀದಿಯಾಗಿತ್ತು. ಜಿಮಿ ಹೆಂಡ್ರಿಕ್ಸ್ ಹೆಸರಾಗುವ ಮೊದಲು, 1960ರ ದಶಕದ ಆರಂಭದಲ್ಲಿ, ಅಲ್ಲಿನ ಕ್ಲಬ್ಬುಗಳಲ್ಲಿ ಗಿಟಾರ್ ನುಡಿಸಿದ್ದರು. ಅದೇ ದಶಕದ ಕೊನೆಗೆ 40ನೆಯ ಅಂತರರಾಜ್ಯ ಹೆದ್ದಾರಿ ಆ ಬಡಾವಣೆಯನ್ನು ಸೀಳಿಕೊಂಡು ಹೋಯಿತು. ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರೂ ತಡೆಯಲಾಗಲಿಲ್ಲ. ಮನೆಗಳೊಂದಿಗೆ ಅಂಗಡಿಗಳೂ ಕ್ಲಬ್ಬುಗಳೂ ನೆಲಸಮವಾದವು. ಎಲ್ವಿಸ್ ಪ್ರೆಸ್ಲಿಯ ಮನೆ ನೋಡಲು ನ್ಯಾಶ್‌ವಿಲ್‌ನಿಂದ ಮೆಂಫಿಸ್‌ಗೆ ಹೊರಡುವ ಪ್ರವಾಸಿಗಳ ಕಾರುಗಳು ಇಂದಿಗೂ ಆ ಹೆದ್ದಾರಿಯ ಮೇಲೆಯೇ ಓಡುತ್ತವೆ. ನೋಡಬೇಕಾದ ಸ್ಥಳ ಗಾಲಿಗಳ ಕೆಳಗಿರುತ್ತದೆ.

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ರಜೆಯಲ್ಲಿ ಮೊಮ್ಮಕ್ಕಳೊಡನೆ ನಲಿಯಲು ಹೋದ ಕುಟುಂಬದ ಮೇಲೆ ಸಂಶೋಧನೆಯ ಹೊರೆ ಏಕೆಂಬುದು ಮೊದಲನೆಯದು. ಇದು ಹೊರೆಯಲ್ಲ. ಮೌತ್ ಆರ್ಗನ್ನಿನಲ್ಲಿ ಓಡುವ ರೈಲು ಯಾವ ಮಗುವನ್ನೂ ನಗಿಸುತ್ತದೆ. ಅದನ್ನು ಓಡಿಸಿದವನ ಹೆಸರನ್ನು ಜೊತೆಗೆ ಹೇಳಿದರೆ ನಗು ಕಡಿಮೆಯಾಗುವುದಿಲ್ಲ. ಊರು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತಿದೆಯಲ್ಲ ಎಂಬುದು ಎರಡನೆಯದು. ಇದು ಸತ್ಯ, ಮತ್ತು ಗೌರವದಿಂದ ಒಪ್ಪಬೇಕಾದ ಸತ್ಯ. ಕಂಟ್ರಿ ಸಂಗೀತದಲ್ಲಿ ಕಪ್ಪು ಕಲಾವಿದರ ಪಾತ್ರವನ್ನು ತೋರಿಸುವ ಮೂರು ತಟ್ಟೆಗಳ ಸಂಕಲನವನ್ನು ಕೀರ್ತಿಶಾಲೆಯನ್ನು ನಡೆಸುವ ಪ್ರತಿಷ್ಠಾನವೇ 1998ರಲ್ಲಿ ಸಿದ್ಧಪಡಿಸಿತು. ಚಾರ್ಲಿ ಪ್ರೈಡ್ 2000ದಲ್ಲಿ ಕೀರ್ತಿಶಾಲೆಯನ್ನು ಸೇರಿದರು. 1962ರಲ್ಲಿಯೇ ಕಂಟ್ರಿ ಗೀತೆಗಳನ್ನು ತಮ್ಮದೇ ಶೈಲಿಯಲ್ಲಿ ಹಾಡಿ ಗೆದ್ದ ರೇ ಚಾರ್ಲ್ಸ್ ಅವರನ್ನು 2021ರಲ್ಲಿ ಆಯ್ಕೆ ಮಾಡಲಾಯಿತು. ರೈಮನ್‌ನ ಸಮೀಪದಲ್ಲಿಯೇ ಆಫ್ರಿಕನ್ ಅಮೆರಿಕನ್ ಸಂಗೀತದ ರಾಷ್ಟ್ರೀಯ ವಸ್ತುಸಂಗ್ರಹಾಲಯ 2021ರ ಜನವರಿಯಲ್ಲಿ ಬಾಗಿಲು ತೆರೆಯಿತು. ಆದರೂ ತಿದ್ದುಪಡಿಗಳು ಗ್ರಂಥದ ಕೊನೆಯ ಪುಟಗಳಲ್ಲಿ ಉಳಿದರೆ ಅವುಗಳನ್ನು ಓದುವವರು ವಿರಳ. ಪಾಠ ಪರಿಷ್ಕಾರವಾಗಬೇಕಾದರೆ ತಿದ್ದುಪಡಿ ಮೂಲದೊಳಗೇ ಸೇರಬೇಕು.

ಪ್ರವಾಸದ ಅನುಕ್ರಮವನ್ನು ಬದಲಿಸುವುದೇ ಆ ಪರಿಷ್ಕಾರದ ಸರಳವಾದ ದಾರಿ. ಮೊದಲ ಬೆಳಗ್ಗೆ ಜುಬಿಲಿ ಹಾಲ್ ಮುಂದೆ ನಿಲ್ಲಬೇಕು. ಅಲ್ಲಿಂದ ಜೆಫರ್ಸನ್ ಬೀದಿಯಲ್ಲಿ, ಹೆದ್ದಾರಿ ನುಂಗಿ ಉಳಿಸಿದಷ್ಟರಲ್ಲಿ, ಸ್ವಲ್ಪ ದೂರ ನಡೆಯಬೇಕು. ಊರ ನಡುವಿಗೆ ಬಂದು ಹೊಸ ವಸ್ತುಸಂಗ್ರಹಾಲಯವನ್ನು ನೋಡಿ, ಆಮೇಲೆ ರೈಮನ್‌ನ ಬೆಂಚುಗಳ ಮೇಲೆ ಕೂರಬೇಕು. ಕೀರ್ತಿಶಾಲೆಯಲ್ಲಿ ಕಂಚಿನ ಫಲಕಗಳ ನಡುವೆ ಡಿಫೋರ್ಡ್ ಬೇಲಿಯ ಫಲಕವನ್ನು ಹುಡುಕುವ ಕೆಲಸವನ್ನು ಮಕ್ಕಳಿಗೆ ವಹಿಸಬೇಕು. ರಾತ್ರಿ ಆಪ್ರಿಯ ವೇದಿಕೆಯ ನಡುವಿನ ಓಕ್ ಮರದ ವೃತ್ತವನ್ನು ದೂರದಿಂದ ಕಂಡಾಗ, ಆ ಪರಂಪರೆಯಲ್ಲಿ ಯಾರ ಹೆಸರು ಮರೆಯಾಗಿತ್ತೆಂಬುದು ಅಷ್ಟರಲ್ಲಿ ಎಲ್ಲರಿಗೂ ತಿಳಿದಿರುತ್ತದೆ. ಸ್ಥಳಗಳು ಅವೇ, ಅರ್ಥ ಬೇರೆ.

ಇದರಿಂದ ಸಾಹಿತ್ಯದ ವಿದ್ಯಾರ್ಥಿಗೆ ದೊರೆಯುವ ಪಾಠ ನ್ಯಾಶ್‌ವಿಲ್‌ಗೆ ಮಾತ್ರ ಸೀಮಿತವಲ್ಲ. ಯಾವ ಭಾಷೆಯದೇ ಆಗಲಿ, ಜನಪದ ಗೀತಸಂಗ್ರಹವೊಂದನ್ನು ಕೈಗೆತ್ತಿಕೊಂಡಾಗ ಮುಖಪುಟದ ಮೇಲಿನ ಹೆಸರು ಯಾರದು, ಒಳಗೆ ಹಾಡಿದವರ ಹೆಸರು, ಊರು, ವಯಸ್ಸು ಎಲ್ಲಿವೆ, ಇಲ್ಲದಿದ್ದರೆ ಏಕಿಲ್ಲ ಎಂದು ಮೊದಲು ಕೇಳಬೇಕು. ನಿಕಟವಾದ ಓದು ಅಲ್ಲಿಂದಲೇ ಆರಂಭವಾಗಬೇಕು. ಧ್ವನಿಮುದ್ರಣ ಯಂತ್ರ ಹಿಡಿದು ಹಳ್ಳಿಗೆ ಹೋಗುವ ಸಂಶೋಧಕನು ಹಾಡನ್ನು ಬರೆದುಕೊಳ್ಳುವ ಮೊದಲು ಹಾಡುವ ತಾಯಿಯ ಹೆಸರನ್ನು ಬರೆದುಕೊಳ್ಳಬೇಕು. ಕಾಗದದ ಮೇಲೆ ಅದು ಒಂದೇ ಸಾಲು. ಆ ಸಾಲು ಬರೆಯದೆ ಬಿಟ್ಟದ್ದಕ್ಕಾಗಿ ಅಮೆರಿಕದ ಒಂದು ಊರು ಎಂಬತ್ತು ವರ್ಷಗಳ ಬಳಿಕ ತನ್ನ ಗೋಡೆಗಳ ಮೇಲೆ ಹೆಸರುಗಳನ್ನು ಒಂದೊಂದಾಗಿ ಸೇರಿಸುತ್ತ ಕೂರಬೇಕಾಯಿತು.